ಕಟ್ಟದ ಕೆಸರಿನಲ್ಲಿ ಬಿದಿರ ಪಟ್ಟಿ

"ಹ್ವಾಯ್ ಉಗ್ರಾಣಿಯೋರೆ, ಆ ಮಣ್ಣ್ ಎಂತಾರೂ ಮಾತಾಡ್ತಾ?"

ಮಂಜಯ್ಯ ತಲೆ ಎತ್ತಲಿಲ್ಲ. ತೋಡಿಗೆ ಅಡ್ಡ ಹಾಕಿದ್ದ ಮಣ್ಣಿನ ಕಟ್ಟದ ಒಡೆದ ಬಾಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಒಂದು ಮಣ್ಣಿನ ಹೆಂಟೆಯನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತಿದ್ದ. ಹಿಂದೆ ನಿಂತಿದ್ದವಳು ವನಜ, ಮೀನು ಹಿಡಿಯುವ ಕರಿಯ ಮರಕಾಲನ ಹೆಂಡತಿ. ಅಳು ಬಂದಷ್ಟೂ ಬಾಯಿ ಜೋರು ಮಾಡುವ ಹೆಂಗಸು. ಇವತ್ತು ಬೆಳಿಗ್ಗೆಯಿಂದ ಅವಳ ಬಾಯಿ ಬಹಳ ಜೋರಾಗಿತ್ತು.

"ಮಾತಾಡತ್ತ್ ವನಜ. ಆರೆ ಬೇಗ ಮಾತಾಡತಿಲ್ಲ."

"ಬೇಗ ಮಾತಾಡುಕೆ ಹೇಳಿ. ಸಂಜಿಗೆ ಪೊಲೀಸ್ ಜೀಪ್ ಬತ್ತಂಬ್ರ್. ನಾಳೆ ಮನಿ ಮಾಡಿನ್ ಹುಲ್ಲ್ ಬಿಚ್ಚುಕೆ ಆಳ್ ಬತ್ತಂಬ್ರ್. ಜ್ವರದ ಅತ್ತಿನ್ನ ಎಲ್ಲ್ ಮಲಗ್ಸೂದ್ ನಾನ್? ನಿಮ್ಮ್ ಬದನೆ ಸಾಲಂಗಾ?"

ಮೂರು ದಿನದ ಹಿಂದೆ, ಸಂಕಷ್ಟಿಯಂದು ಬಿಜೂರಿನ ತೋಟದ ಸಂಘದವರೆಲ್ಲ ಕುಂಭಾಶಿಯ ಗಣಪತಿ ದೇವಸ್ಥಾನಕ್ಕೆ ಹೋಗಿದ್ದಾಗ, ಹೊಳೆಯ ಉಪ್ಪುನೀರು ತಡೆಯುವ ಈ ಕಟ್ಟವನ್ನು ಯಾರೋ ಕಡಿದಿದ್ದರು. ಉಪ್ಪುನೀರು ನುಗ್ಗಿ ಒಂದು ವರ್ಷದ ತೋಟ ಸುಟ್ಟುಹೋಗಿತ್ತು. ಊರಲ್ಲಿ ಉಳಿದಿದ್ದ ಗಂಡಸು ಕರಿಯನೊಬ್ಬನೇ.

ಈಗ ಕರಿಯ ಊರಿನ ಒಡೆಯರಾದ ಭೋಜರಾಜ ಹೆಗ್ಡೆಯವರ ಅಂಗಳದಲ್ಲಿ ಕುಳಿತಿದ್ದ. ಕೈ ಕಟ್ಟಿರಲಿಲ್ಲ. ಕಟ್ಟುವ ಅಗತ್ಯವೂ ಇರಲಿಲ್ಲ. ಅವನ ಗುಡಿಸಲು ನಿಂತಿದ್ದು ಹೆಗ್ಡೆಯವರ ಜಾಗದಲ್ಲಿ.

ತೋಡಿನ ಆಚೆ ತೋಟ ಕಾಣುತ್ತಿತ್ತು. ಮಂಜಯ್ಯ ಅತ್ತ ನೋಡದೆ ಇರಲು ಪ್ರಯತ್ನಪಟ್ಟ. ಆದರೂ ಕಣ್ಣು ಹೋಯಿತು. ಹರಿವೆ ಸಾಲು ಬೇಯಿಸಿದ ಹಾಗೆ ಮಲಗಿತ್ತು. ಸೌತೆಬಳ್ಳಿಯ ಎಲೆಗಳ ಅಂಚು ಕೆಂಪಾಗಿ ಒಳಕ್ಕೆ ಸುರುಳಿ ಸುತ್ತಿತ್ತು. ಬಸಳೆ ಮಾತ್ರ ಚಪ್ಪರದ ಮೇಲೆ ಇನ್ನೂ ಹಸಿರಾಗಿತ್ತು. ಬುಡ ಸತ್ತದ್ದು ಅದಕ್ಕೆ ಇನ್ನೂ ಗೊತ್ತಾಗಿರಲಿಲ್ಲ.

ಮೂವತ್ತು ವರ್ಷ ಪಟೇಲರ ಹಿಂದೆ ಉಗ್ರಾಣಿಯಾಗಿ ನಡೆದವನು ಮಂಜಯ್ಯ. ಕಳ್ಳನ ಹೆಜ್ಜೆಯನ್ನು ಗದ್ದೆಯಿಂದ ಗದ್ದೆಗೆ ಹಿಡಿದು ಶಿರೂರಿನವರೆಗೆ ಹೋದವನು. ಆಗ ಹಿಂದೆ ಪಟೇಲರ ಬಾಯಿತ್ತು. ಇವನು ಬೆರಳು ತೋರಿಸಿದರೆ ಸಾಕಿತ್ತು. ಈಗ ಬೆರಳು ಮಾತ್ರ ಉಳಿದಿತ್ತು.

"ವನಜ, ನಿನ್ನ್ ಗಂಡ ದೋಣಿ ಒಳ್ಗೆ ತರೂಕೆ ಕಟ್ಟ ಕಡ್ದ ಅಂತ್ರ್ ಅಲ್ದಾ?"

"ಅಂತ್ರ್. ಅವ್ರ್ ಬಾಯಿಗೆ ಮಣ್ಣ್ ಹಾಕ್."

"ದೋಣಿ ತರೂವವ ಯಾವ ಹೊತ್ತಿಗೆ ಕಡೂದ್?"

ವನಜ ಅವನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು. "ಭರ್ತದಂಗೆ, ನೀರ್ ಏರೂ ಹೊತ್ತಿಗೆ. ಇಳ್ತದಂಗೆ ಕಡ್ದ್ರೆ ನೀರೆಲ್ಲಾ ಹೊಳಿಗೆ ಓಡಿ ಹೋತ್ತ್. ದೋಣಿ ಕೆಸ್ರಂಗೆ ಕೂಕಂತ್ತ್. ಇದ್ ಗೊತ್ತಿಲ್ದವ ಸಮುದ್ರಕ್ಕ್ ಹೋತ್ನಾ?"

"ಸಂಕಷ್ಟಿ ದಿನ ಬೆಳಿಗ್ಗೆ ಎಂತ?"

"ಇಳ್ತ. ಮಧ್ಯಾಹ್ನ ತಿರ್ಗಿದ್ ಮೇಲೆ ಭರ್ತ."

ಮಂಜಯ್ಯ ಕೈಯಲ್ಲಿದ್ದ ಹೆಂಟೆಯನ್ನು ಹೊಳೆಯ ಬದಿಗೆ ತೋರಿಸಿದ. ಕಟ್ಟದ ಮಣ್ಣೆಲ್ಲ ಅತ್ತಲೇ ಬಿದ್ದಿತ್ತು. ತೋಟದ ಬದಿಗೆ ಬೊಗಸೆಯಷ್ಟೂ ಇರಲಿಲ್ಲ. ನೀರು ಮೊದಲು ಒಳಗಿನಿಂದ ಹೊರಗೆ ಓಡಿತ್ತು. ಓಡಿದ ರಭಸಕ್ಕೆ ಹೊಳೆಯ ಮರಳಿನಲ್ಲಿ ಸೊಂಟದಷ್ಟು ಆಳದ ಗುಂಡಿ ಬಿದ್ದಿತ್ತು. ಉಪ್ಪುನೀರು ಬಂದದ್ದು ಆಮೇಲೆ, ಭರತ ಏರಿದಾಗ, ತೆರೆದ ಬಾಗಿಲಿನಿಂದ ದನ ನುಗ್ಗಿದ ಹಾಗೆ.

"ಕಡ್ದವ್ರಿಗೆ ಉಪ್ಪುನೀರ್ ಬೇಕಿರ್ಲಿಲ್ಲ ವನಜ. ತೋಡಿನ ಸೀನೀರ್ ಖಾಲಿ ಆಯ್ಕಿದ್ದಿತ್ತ್."

ವನಜ ಒಂದು ಹೆಜ್ಜೆ ಮುಂದೆ ಬಂದಳು. "ಇದ್ನ್ ಹೋಯ್ ಹೆಗ್ಡೇರಿಗೆ ಹೇಳಿ!"

"ನಿನ್ನೆಯೇ ಹೇಳಿದೆ."

"ಎಂತ ಅಂದ್ರ್?"

"ಮಣ್ಣಿನ್ ಹೆಂಟೆ ಠಾಣೆಗ್ ಬಂದ್ ಸಾಕ್ಷಿ ಹೇಳತ್ತಾ ಮಂಜಯ್ಯ ಅಂದ್ರ್. ಎಲ್ಲಾ ನೆಗಾಡಿದ್ರ್. ನಾನೂ ನೆಗಾಡಿದೆ."

ನಗಾಡಿದ್ದು ನಿಜ. ಒಡೆಯರು ನಗಾಡಿದರೆ ಬಾಯಿ ತಾನಾಗಿ ಅಗಲವಾಗುವ ಅಭ್ಯಾಸ ಮೂವತ್ತು ವರ್ಷದ್ದು.

ಹೊತ್ತು ಏರುತ್ತಿತ್ತು. ನೀರು ಇಳಿದು ತೋಡಿನ ತಳ ಕಂಡಿತು. ಮಂಜಯ್ಯ ಪಂಚೆ ಮೇಲೆ ಕಟ್ಟಿ ಕೆಸರಿಗೆ ಇಳಿದ. ಮೊಣಕಾಲು ನೋವಿನ ಕಾಲು. ಒಂದೊಂದು ಹೆಜ್ಜೆಯನ್ನೂ ಕೈಯಲ್ಲಿ ಎತ್ತಿ ಇಟ್ಟ ಹಾಗೆ ನಡೆದ. ಮೂರು ದಿನದ ಏರಿಳಿತ ತಳದ ಗುರುತನ್ನೆಲ್ಲ ತಿಂದುಹಾಕಿತ್ತು. ಆದರೆ ದಡದ ಮೇಲೆ, ನೀರು ಮುಟ್ಟದ ಎತ್ತರದಲ್ಲಿ, ಕೇದಗೆ ಮೆಳೆಯ ಪಕ್ಕ ಎರಡು ಗೆರೆ ಇದ್ದವು. ನೇರವಾದ, ಜೋಡಿ ಗೆರೆ. ಭಾರದ ಪೆಟ್ಟಿಗೆಯನ್ನು ಎಳೆದ ಗೆರೆ.

"ಇಲ್ಲ್ ಕಾಣ್ ವನಜ. ಇಷ್ಟ್ ಅಗಲದ್ದ್ ಎಂತ ಇತ್ತ್ ನಮ್ಮೂರಂಗೆ?"

ವನಜ ದಡದಲ್ಲಿ ಕುಳಿತು ಎರಡು ಗೆರೆಗಳ ನಡುವೆ ಮೊಳ ಹಾಕಿದಳು. ಒಂದು ಮೊಳ, ಮೇಲೆ ನಾಲ್ಕು ಬೆರಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ, ಇಲ್ಲದ ಹೊರೆಯೊಂದನ್ನು ಹಿಡಿದವಳಂತೆ ಅಗಲ ಅಳೆದಳು. ಕೈ ಹಾಗೆಯೇ ನಿಂತಿತು.

"ಉಗ್ರಾಣಿಯೋರೆ… ಇದ್ ಟೀಚರಮ್ಮನ ಟ್ರಂಕ್. ಬಸ್ಸಿಳ್ದ್ ದಿನ ನಾನೇ ತಲಿ ಮೇಲೆ ಹೊತ್ಕ ಬಂದದ್. ಹಸ್ರ್ ಬಣ್ಣದ್ದ್, ಮೇಲೆ ಗುಲಾಬಿ ಹೂಗ್."

ಟೀಚರಮ್ಮ ಎಂದರೆ ಗ್ರಾಮಸೇವಿಕೆ ಸ್ನೇಹಲತಾ. ಹೋದ ವರ್ಷ ಮಳೆ ಹಿಡಿಯುವ ಮುಂಚೆ ಬ್ಲಾಕ್ ಕಚೇರಿಯಿಂದ ಬಂದವಳು. ಸಂಘ ಕಟ್ಟಿದ್ದು ಅವಳು. ಹೆಗ್ಡೆಯವರ ಬೀಳುಬಿಟ್ಟ ಗದ್ದೆಯನ್ನು ಕೇಳಿ ಪಡೆದದ್ದು ಅವಳು. ಕರಿಯ ತಂದ ಮೀನಿನ ಗೊಬ್ಬರಕ್ಕೆ ಮೂಗು ಮುಚ್ಚಿಕೊಂಡ ಹೆಂಗಸರ ಎದುರೇ ಅದನ್ನು ಕೈಯಲ್ಲಿ ಬಾಚಿ ಬದನೆ ಬುಡಕ್ಕೆ ಹಾಕಿ, "ಇನ್ನೊಂದು ತಿಂಗಳಿಗೆ ಇದರ ಹುಳಿ ಉಣ್ಣುವಾಗ ಮೂಗು ಮುಚ್ಚಿಕೊಳ್ಳಿ ಕಾಂಬ" ಅಂದವಳು. ಊರಿನ ಹೆಂಗಸರು ಸೌತೆಬೀಜವನ್ನು ಬೂದಿಯಲ್ಲಿ ಉಜ್ಜಿ, ಸೆಗಣಿಯ ಬಿಲ್ಲೆಯಲ್ಲಿ ಒತ್ತಿ ಗೋಡೆಗೆ ಅಂಟಿಸುವುದನ್ನು ಕಂಡು, ಇದನ್ನು ನಾನು ನಿಮ್ಮಿಂದ ಕಲಿಯಬೇಕು ಎಂದು ನೆಲದಲ್ಲಿ ಕುಳಿತವಳು.

ಮತ್ತು ಮಂಜಯ್ಯನಿಗೆ ಅಕ್ಷರ ಕಲಿಸಿದವಳು.

ಅರವತ್ತೆಂಟನೆಯ ವಯಸ್ಸಿಗೆ. ಅಲ್ಲಿಯವರೆಗೆ ಅವನಿಗೆ ರುಜು ಹಾಕುವುದೊಂದೇ ಗೊತ್ತಿತ್ತು, ಅದೂ ಚಿತ್ರ ಬರೆದಂತೆ. ಯಾವ ಸಾಲಿನಲ್ಲಿ ಯಾವ ಬೀಜ ಎಂದು ಬಿದಿರ ಪಟ್ಟಿ ನೆಡಬೇಕು ಎಂದಾಯಿತು. ಶಾಯಿ ಮಳೆಗೆ ನಿಲ್ಲಲಿಲ್ಲ. ಗೋಣಿ ಹೊಲಿಯುವ ದಬ್ಬಳವನ್ನು ಕೆಂಡದಲ್ಲಿ ಕಾಯಿಸಿ ಅಕ್ಷರ ಸುಡುವ ಉಪಾಯ ಮಂಜಯ್ಯನದು. ಅಲಸಂದೆಯಲ್ಲಿ 'ಅ' ಕಲಿತ. ಬೆಂಡೆಯಲ್ಲಿ 'ಬ' ಕಲಿತ. ಮಳೆಗಾಲ ಮುಗಿದು ಕೊಯ್ಲಾಗುವ ಹೊತ್ತಿಗೆ ಬಸ್ಸಿನ ಬೋರ್ಡು ಓದುತ್ತಿದ್ದ.

ಒಂದು ತಿಂಗಳ ಹಿಂದೆ, ಈ ಕಟ್ಟ ಹಾಕಿ ತೋಡು ತುಂಬಿದ ಮರುವಾರ, ಅವಳು ತರಬೇತಿಗೆಂದು ಬ್ರಹ್ಮಾವರಕ್ಕೆ ಹೊರಟಳು. ಅಲ್ಲಿ ತೋರಿಸಲು ಸಂಘದ ದೊಡ್ಡ ಬೀಜದ ಸೌತೆಯನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಮಂಜಯ್ಯ ಅದಕ್ಕೊಂದು ಪಟ್ಟಿ ಸುಟ್ಟು, ಬಾಳೆನಾರಿನಲ್ಲಿ ಕಟ್ಟಿಕೊಟ್ಟಿದ್ದ. ಅವತ್ತು ಕಾಲುನೋವು ಜೋರಿತ್ತು, ಬಸ್ಸಿನವರೆಗೆ ಹೋಗಲಾಗಲಿಲ್ಲ. ತೋಡಿನ ದಂಡೆಯಲ್ಲಿ ಅವಳ ಕೊಡೆ ಸಣ್ಣದಾಗುತ್ತ ಹೋಗುವುದನ್ನು ನೋಡಿದ್ದ. ಟ್ರಂಕು ಹಿಂದಿನಿಂದ ಹೆಗ್ಡೆಯವರ ಗಾಡಿಯಲ್ಲಿ ಬರುತ್ತದೆ ಎಂದಿದ್ದಳು.

ಮಂಜಯ್ಯ ಕೇದಗೆಯ ಬೇರಿನ ನಡುವೆ ಕೈ ಹಾಕಿದ. ಮುಳ್ಳು ಗೀರಿತು. ಗೆರೆಗಳು ಎಲ್ಲಿ ದಡ ಹತ್ತಿದ್ದವೋ ಅಲ್ಲೇ, ಬೇರಿನ ಸಂದಿನಲ್ಲಿ, ಏನೋ ಚಪ್ಪಟೆಯಾದದ್ದು ಕೈಗೆ ಸಿಕ್ಕಿತು. ಎಳೆದ. ತೋಡಿನ ನೀರಲ್ಲಿ ಅದ್ದಿ, ಹೆಬ್ಬೆರಳಿನಿಂದ ಉಜ್ಜಿದ.

ಬಿದಿರ ಪಟ್ಟಿ. ಸುಟ್ಟ ಅಕ್ಷರ ಹಾಗೆಯೇ ಇತ್ತು. ಬಿಜೂರು ಸೌತೆ.

"ಎಂತ ಅದ್?" ವನಜ ಮೇಲಿನಿಂದ ಕೇಳಿದಳು.

ಮಂಜಯ್ಯ ಪಟ್ಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಮುಂದಿನ ಸೋಮವಾರ ಈ ತೋಡಿನ ಹೂಳು ತೆಗೆದು ತೆಂಗಿನ ಬುಡಕ್ಕೆ ಹಾಕುವುದೆಂದು ಸಂಘ ತೀರ್ಮಾನಿಸಿತ್ತು. ಮೂವತ್ತು ಜನ, ಮೂವತ್ತು ಬುಟ್ಟಿ. ತಳದಲ್ಲಿ ಟ್ರಂಕು ಮುಳುಗಿಸಿಟ್ಟವರಿಗೆ ಅಷ್ಟರೊಳಗೆ ಅದನ್ನು ಎತ್ತಬೇಕಿತ್ತು. ಊರು ಖಾಲಿಯಾಗುವ ದಿನ ಒಂದೇ ಒಂದಿತ್ತು: ಮೊದಲ ಬೆಳೆಯ ಬುಟ್ಟಿ ಹೊತ್ತು ಎಲ್ಲರೂ ಗಣಪತಿಯ ಎದುರು ನಿಲ್ಲುವ ದಿನ.

ಹಾಗಾದರೆ ಅವಳು? ಸುಖವಾಗಿ ತಲುಪಿದ್ದೇನೆ ಎಂದು ಬ್ರಹ್ಮಾವರದಿಂದ ಕಾರ್ಡು ಬಂದಿತ್ತಲ್ಲ?

"ವನಜ, ನೀ ಅತ್ತಿ ಹತ್ರ ಹೋಗ್. ನಾನ್ ಹೆಗ್ಡೇರ್ ಮನಿಗ್ ಹೋತೆ."

"ಅವ್ರನ್ನ್ ಬಿಡ್ಸ್ಕಂಬತ್ರಿ ಅಲ್ದಾ?"

ಮಂಜಯ್ಯ ಪಟ್ಟಿಯನ್ನು ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡ.

ಹೆಗ್ಡೆಯವರ ಅಂಗಳದ ಮೂಲೆಯಲ್ಲಿ ಕರಿಯ ಮೊಣಕಾಲಿಗೆ ಗಲ್ಲ ಊರಿ ಕುಳಿತಿದ್ದ. ಮಂಜಯ್ಯನನ್ನು ಕಂಡು ಏಳಲು ಹೋದ. ಏಳಬೇಡ ಎಂದು ಮಂಜಯ್ಯ ಕೈಸನ್ನೆ ಮಾಡಿದ.

"ಅಬ್ಬಿಗ್ ಜ್ವರ ಬಿಡ್ತಾ ಉಗ್ರಾಣಿಯೋರೆ?" ಕರಿಯ ತಾಯಿಯ ಬಗ್ಗೆ ಕೇಳಿದ್ದು ಅಷ್ಟೇ.

ಚಾವಡಿಯಲ್ಲಿ ಪ್ರಭಾವತಿಯಮ್ಮ ಒಬ್ಬರೇ ಇದ್ದರು. ಹೆಗ್ಡೆಯವರ ತಂಗಿ, ಗಂಡ ತೀರಿಕೊಂಡ ಮೇಲೆ ಅಣ್ಣನ ಜೊತೆಗೇ ಇದ್ದವರು, ಸಂಘದ ಕಾರ್ಯದರ್ಶಿ. ಊರಿನ ಹೆಂಗಸರಲ್ಲಿ ಶಾಲೆ ಕಲಿತವರು ಅವರೊಬ್ಬರೇ. ಸಂಘಕ್ಕೆ ಬಂದ ಕಾಗದವನ್ನೆಲ್ಲ ಸಭೆಯಲ್ಲಿ ಓದಿ ಹೇಳುವುದು ಅವರ ಕೆಲಸ. ಓದಿ ಮುಗಿದ ಕಾಗದ ಕಂಬಕ್ಕೆ ನೇತುಹಾಕಿದ ತಂತಿಗೆ ಚುಚ್ಚಿ ಇರುತ್ತಿತ್ತು. ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಓದಲು ಬರುವವರಿದ್ದರೆ ತಾನೆ?

"ಅಮ್ಮ, ಬ್ರಹ್ಮಾವರದಿಂದ ಬಂದ ಕಾರ್ಡ್ ಒಂಚೂರ್ ಕಾಣ್ಕಿದ್ದಿತ್ತ್."

ಪ್ರಭಾವತಿಯಮ್ಮನ ಕೈಯಲ್ಲಿದ್ದ ಬೀಸಣಿಗೆ ನಿಂತಿತು. "ಅದ್ನ್ ಅವತ್ತೇ ಓದಿ ಹೇಳಿದ್ನಲ್ಲ ಮಂಜಯ್ಯಣ್ಣ. ಸುಖವಾಗಿ ತಲುಪಿದ್ದೇನೆ, ಬಸಳೆಗೆ ಬೂದಿ ಹಾಕುವುದು ಮರೆಯಬೇಡಿ ಅಂದೇಳಿ."

"ಹೌದ್. ತಿಂಗ್ಳಿಡೀ ನಾನೇ ಬೂದಿ ಹಾಕಿದ್ದ್. ಅದ್ರ್ ಅಕ್ಷರ ಒಂದ್ಸಲ ಕಾಂಬ ಅಂದೇಳಿ."

ಅವರು ಬೇಡ ಅನ್ನಲಿಲ್ಲ. ಅದು ಮಂಜಯ್ಯನಿಗೆ ಆಮೇಲೆ ಬಹಳ ಸಲ ನೆನಪಾಯಿತು. ತಂತಿಯಲ್ಲಿ ಮೇಲಿನಿಂದ ನಾಲ್ಕನೆಯದು. ಅವನು ಅದನ್ನು ತೆಗೆದು ಬೆಳಕಿನ ಕಡೆ ಹಿಡಿದ. ಬಂದ ಊರಿನ ಮೊಹರಿನಲ್ಲಿ 'ಬ್ರ' ಅವನಿಗೆ ಸಿಕ್ಕಿತು. ಹರಿವೆಯ 'ಹ' ಅಲ್ಲ, ಬೇರೆ 'ಹ್ಮಾ', ಕಷ್ಟದ್ದು. ಆಮೇಲೆ ಒಳಗಿನ ಬರಹ. ಬೆರಳು ಇಟ್ಟು, ಸಾಲಿಗೆ ನೀರು ಹೊಯ್ಯುವವನ ಹಾಗೆ, ಒಂದು ಅಕ್ಷರ ತಂಪಾದ ಮೇಲೆ ಇನ್ನೊಂದಕ್ಕೆ ಹೋದ.

"ತಮ್ಮ… ಗ್ರಾಮ… ಸೇವಿಕೆ… ಸ್ನೇಹ… ಲತಾ… ಇಲ್ಲಿಗೆ…"

ಪ್ರಭಾವತಿಯಮ್ಮ ಕಣ್ಣು ಮುಚ್ಚಿಕೊಂಡರು.

"…ಬಂದು… ಸೇರಿಲ್ಲ. ಕಾರಣ… ತಿಳಿಸಿ."

ಹೊರಗೆ ಅಂಗಳದಲ್ಲಿ ಕರಿಯ ಕೆಮ್ಮಿದ. ಮಂಜಯ್ಯ ಇನ್ನೊಮ್ಮೆ ಓದಿದ. ಮೊದಲ ಸಲ ತಪ್ಪಿರಲಿ ಎಂದು ಆಸೆಪಟ್ಟು ಓದಿದ. ತಪ್ಪಿರಲಿಲ್ಲ.

"ನಿಮ್ಗೆ ಸೌತೆ, ಬೆಂಡೆ ಬರೂಕೆ ಮಾತ್ರ ಬತ್ತ್ ಅಂದೇಳಿ ಎಣ್ಸಿದ್ದೆ" ಎಂದರು ಪ್ರಭಾವತಿಯಮ್ಮ. ಸ್ವರ ಕೆಳಗಿಳಿದಿತ್ತು.

"ಆ ಹೆಣ್ಣ್ ಕಲ್ಸಿತ್ತಮ್ಮ. ನೀವ್ ಎಂತಕ್ಕೆ ಹಾಂಗ್ ಓದಿದ್ದ್?"

"ಹಾಂಗ್ ಓದ್ ಅಂದದ್ದಕ್ಕೆ ಓದ್ದೆ."

"ಯಾರ್ ಅಂದದ್ದ್?"

ಅವರ ಕಣ್ಣು ಒಳಮನೆಯ ಬಾಗಿಲಿಗೆ ಹೋಗಿ ಹಿಂದೆ ಬಂತು. "ಆ ಹೆಣ್ಣ್ ಎಲ್ಲಿತ್ತ್ ಅಂದೇಳಿ ನಂಗೂ ಗೊತ್ತಿಲ್ಲ ಮಂಜಯ್ಯಣ್ಣ. ಗಣಪತಿ ಆಣೆ. ಕೇಂಬ ಧೈರ್ಯ ನಂಗಿಲ್ಲ. ಕೇಣಿ, ನೀವೂ ಆ ಕಾರ್ಡ್ ತಂತಿಗ್ ಹಾಕಿ ಮನಿಗ್ ಹೋಯ್ನಿ…"

"ಎಂತ ಓದೂದ್ ಮಂಜಯ್ಯ?"

ಭೋಜರಾಜ ಹೆಗ್ಡೆಯವರು ಬಚ್ಚಲಿಗೆ ಹೊರಟಿದ್ದರು. ಹೆಗಲ ಮೇಲೆ ಮೈ ಒರೆಸುವ ಬೈರಾಸು, ತಲೆಯಲ್ಲಿ ಎಣ್ಣೆ. ಸಂಘದ ಸಭೆಯಲ್ಲಿ ಅವರು ಎಲ್ಲರನ್ನೂ 'ನೀವು' ಅನ್ನುತ್ತಿದ್ದರು. ಅದು ಗ್ರಾಮಸೇವಿಕೆ ಮಾಡಿದ ನಿಯಮ. ಚಾವಡಿಯಲ್ಲಿ ಆ ನಿಯಮ ಇರಲಿಲ್ಲ.

"ಕಾರ್ಡ್ ಒಡೆಯ. ಬ್ರಹ್ಮಾವರದ್ದ್."

"ನಿಂಗೆ ಕಣ್ಣ್ ಸಮ ಕಾಂತಿಲ್ಲ ಅಲ್ದಾ. ಕೊಡ್ ಇಲ್ಲ್."

ಕೊಡಬಾರದು ಎಂದು ಮಂಜಯ್ಯನಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು, ಅದರ ಹಿಂದೆ ಬೆನ್ನೂ ಬಗ್ಗಿತು.

ಹೆಗ್ಡೆಯವರು ಕಾರ್ಡು ಓದಲಿಲ್ಲ. ನೋಡಲೂ ಇಲ್ಲ. ಬಚ್ಚಲ ಒಲೆಯ ಬಾಯಿಗೆ ಬಗ್ಗಿ, ತೆಂಗಿನ ಸಿಪ್ಪೆಯ ನಡುವೆ ಅದನ್ನು ಇಟ್ಟರು. "ನೀರ್ ಕಾಯ್ಲಿ" ಎಂದರು.

ಆಗ ಮಂಜಯ್ಯನ ಕಣ್ಣಿಗೆ ಆ ಕೈ ಬಿತ್ತು. ಸಂಕಷ್ಟಿಯ ದಿನ ಸಂಘದವರೆಲ್ಲ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗಿದ್ದರು. ಹೆಗ್ಡೆಯವರು ಬಂದದ್ದು ಮಧ್ಯಾಹ್ನದ ಪೂಜೆಗೆ, ಕಾರಿನಲ್ಲಿ. ಪೇಟೆಯಲ್ಲಿ ಕೆಲಸವಿತ್ತು ಎಂದಿದ್ದರು. ತೀರ್ಥಕ್ಕೆ ಕೈ ಒಡ್ಡಿದಾಗ ಪಕ್ಕದಲ್ಲಿದ್ದವನು ಮಂಜಯ್ಯ. ಮಿಂದು ಮಡಿಯುಟ್ಟ ಮನುಷ್ಯನ ಉಗುರುಗಳ ಸಂದಿನಲ್ಲಿ ಕಪ್ಪು. ಗದ್ದೆಯ ಮಣ್ಣು ಕೆಂಪು, ದಂಡೆಯದು ಹಳದಿ. ಕಾಡಿಗೆಯಂಥ ಕಪ್ಪು ಇರುವುದು ತೋಡಿನ ತಳದಲ್ಲಿ ಮಾತ್ರ.

ಅವತ್ತು ಕಂಡಿದ್ದ. ಕಂಡೂ ತೀರ್ಥ ಕುಡಿದಿದ್ದ.

ಸಂಜೆಗೆ ಎಂದಿದ್ದ ಜೀಪು ಮಧ್ಯಾಹ್ನಕ್ಕೇ ಬಂತು.

ಜೀಪಿನ ಸದ್ದಿಗೆ ಸಂಘದವರೆಲ್ಲ ಅಂಗಳಕ್ಕೆ ಬಂದರು. ವನಜ ಓಡಿಬಂದಳು. ಬಾಯಿ ಪೂರ್ತಿ ಕಟ್ಟಿಹೋಗಿತ್ತು. ಮೈಸೂರು ಕಡೆಯ ದಫೇದಾರ, ಊರಿಗೆ ಹೊಸಬ. ಕರಿಯನ ತೋಳು ಹಿಡಿದು ಎಬ್ಬಿಸಿದ. ಕರಿಯ ಕುರಿಮರಿಯ ಹಾಗೆ ಎದ್ದ.

"ಅವ ಅಲ್ಲ" ಎಂದ ಮಂಜಯ್ಯ.

ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದ. ಈ ಸಲ ತನ್ನ ಸ್ವರ ತನಗೇ ದೊಡ್ಡದಾಗಿ ಕೇಳಿತು. "ಕಟ್ಟ ಕಡ್ದದ್ದ್ ಅವ ಅಲ್ಲ. ತೋಡಿನ್ ತಳದಂಗ್ ಟ್ರಂಕ್ ಇದ್ದಿತ್ತ್. ಗ್ರಾಮಸೇವಿಕೇದ್ದ್. ಅದ್ನ್ ಎತ್ತುಕೆ ಕಡ್ದದ್ದ್. ಆ ಹೆಣ್ಣ್ ಬ್ರಹ್ಮಾವರ ಮುಟ್ಲೇ ಇಲ್ಲ."

ದಫೇದಾರ ತಿರುಗಿದ. "ಮುಟ್ಟಲಿಲ್ಲ ಅಂತ ನಿಮಗೆ ಯಾರು ಹೇಳಿದರು?"

"ಕಾರ್ಡ್ ಬಂದಿತ್ತ್."

"ಎಲ್ಲಿ?"

ಮಂಜಯ್ಯ ಬಚ್ಚಲ ಮಾಡಿನ ಹೊಗೆಯನ್ನು ನೋಡಿದ.

"ಕಾರ್ಡ್ ಬಂದದ್ದ್ ಹೌದ್" ಎಂದರು ಹೆಗ್ಡೆಯವರು, ಒದ್ದೆ ತಲೆ ಒರೆಸುತ್ತ, ಬಹಳ ಮೆತ್ತಗೆ. "ಸುಖವಾಗಿ ಮುಟ್ಟಿದೆ ಅಂದೇಳಿ. ಪ್ರಭಾವತಿ ಸಭೆಯಂಗ್ ಓದಿತ್ತ್. ಎಲ್ಲರೂ ಕೇಣಿದ್ರಿ ಅಲ್ದಾ?"

ಎಲ್ಲರೂ ತಲೆಯಾಡಿಸಿದರು. ಸುಳ್ಳಾಡುವವರು ಒಬ್ಬರೂ ಅವರಲ್ಲಿ ಇರಲಿಲ್ಲ. ಅವರು ಕೇಳಿದ್ದು ಅದನ್ನೇ. ಚಾವಡಿಯ ಕಂಬದ ಹಿಂದೆ ಪ್ರಭಾವತಿಯಮ್ಮನ ಸೀರೆಯ ಅಂಚು ಮಾತ್ರ ಕಂಡಿತು.

ಮಂಜಯ್ಯನಿಗೆ ಉಳಿದದ್ದು ಒಂದೇ. ಪಂಚೆಯ ಮಡಿಕೆಯಿಂದ ಬಿದಿರ ಪಟ್ಟಿ ತೆಗೆದ. "ಇದ್ ಟ್ರಂಕಿನೊಳ್ಗಿದ್ದದ್ದ್. ಇವತ್ತ್ ಬೆಳಿಗ್ಗೆ ಕೇದಗೆ ಬುಡದಂಗೆ ಸಿಕ್ತ್."

ದಫೇದಾರ ಪಟ್ಟಿಯನ್ನು ತಿರುವಿ ತಿರುವಿ ನೋಡಿದ. "ಯಾರಿಗೆ ಸಿಕ್ಕಿದ್ದು?"

"ನಂಗೆ."

"ಇದು ಯಾರ ಅಕ್ಷರ?"

ಮಂಜಯ್ಯ ಬಾಯಿ ತೆರೆಯುವ ಮೊದಲೇ ಗುಂಪಿನ ನಡುವಿನಿಂದ ಮುದುಕಿ ಅಕ್ಕು ಮುಂದೆ ಬಂದಳು. ಸಂಘ ಶುರುವಾದ ದಿನದಿಂದ ಮಂಜಯ್ಯನ ಪಕ್ಕದ ಸಾಲಿನವಳು. ಅವನು ಸುಟ್ಟ ಒಂದೊಂದು ಅಕ್ಷರವನ್ನೂ ಬೆರಳಲ್ಲಿ ಸವರಿ ಸಂತೋಷಪಟ್ಟವಳು. ಹಲ್ಲಿಲ್ಲದ ಬಾಯಿ ತುಂಬ ಹೆಮ್ಮೆ ಇತ್ತು.

"ಅದ್ ನಮ್ಮ್ ಉಗ್ರಾಣಿಯೋರದ್ದೇ ಮರಾಯ್ರೆ! ಊರಂಗೆ ಹಾಂಗ್ ಬರೂಕೆ ಬೇರೆ ಯಾರಿಗ್ ಬತ್ತ್?"

"ಆ ಹೆಂಗಸನ್ನು ಊರಲ್ಲಿ ಕೊನೆಗೆ ನೋಡಿದವರು?"

"ಅದೂ ಇವ್ರೇ" ಎಂದಳು ಅಕ್ಕು. "ತೋಡಿನ್ ದಂಡೆಯಂಗ್ ನಿಂತ್ಕಂಡ್ ಕಳ್ಸಿ ಕೊಟ್ಟದ್ದ್ ಇವ್ರೇ ಅಲ್ದಾ."

ದಫೇದಾರ ಕರಿಯನ ತೋಳು ಬಿಟ್ಟು ಮಂಜಯ್ಯನ ಕಡೆ ತಿರುಗಿದ.